ಹಗ್ಗ ಮಕ್ಕಳ ಕೈಗೆ ಬರಲಿ

ಬೇಸಿಗೆ ರಜೆ ಹತ್ತಿರವಾದಂತೆ ದಿನಪತ್ರಿಕೆಯ ಮಡಿಕೆಯಿಂದ ಬಣ್ಣಬಣ್ಣದ ಕರಪತ್ರಗಳು ಉದುರತೊಡಗುತ್ತವೆ. ವೇದಗಣಿತ, ಅಬಾಕಸ್, ಕೈಬರಹ ಸುಧಾರಣೆ, ಇಂಗ್ಲಿಷ್ ಸಂಭಾಷಣೆ. ಇವುಗಳ ನಡುವೆ ತಪ್ಪದೆ ಒಂದು 'ವ್ಯಕ್ತಿತ್ವ ವಿಕಸನ ಶಿಬಿರ' ಇದ್ದೇ ಇರುತ್ತದೆ. ಏಳು ದಿನಗಳಲ್ಲಿ ನಿಮ್ಮ ಮಗುವಿನಲ್ಲಿ ಆತ್ಮವಿಶ್ವಾಸ ತುಂಬಿಕೊಡುತ್ತೇವೆಂಬ ಭರವಸೆ ಅದರಲ್ಲಿರುತ್ತದೆ. ಕಲ್ಯಾಣಮಂಟಪದ ಸಭಾಂಗಣದಲ್ಲಿ ಫ್ಯಾನಿನ ಕೆಳಗೆ ಮಕ್ಕಳನ್ನು ಸಾಲಾಗಿ ಕೂರಿಸಿ, "ನನ್ನಿಂದ ಸಾಧ್ಯ" ಎಂದು ಮೂರು ಸಲ ಗಟ್ಟಿಯಾಗಿ ಹೇಳಿಸಿ, ಕೊನೆಯ ದಿನ ಪ್ರಮಾಣಪತ್ರ ಕೈಗಿತ್ತು ಕಳಿಸುತ್ತಾರೆ. ತಂದೆ-ತಾಯಿ ಫೋಟೋ ತೆಗೆಸಿಕೊಳ್ಳುತ್ತಾರೆ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗಿ ಮೊದಲ ಕಿರುಪರೀಕ್ಷೆ ಬಂತೆಂದರೆ ಅದೇ ಮಗು ಹೊಟ್ಟೆನೋವೆಂದು ನನ್ನ ಮುಂದಿನ ಸ್ಟೂಲಿನ ಮೇಲೆ ಕುಳಿತಿರುತ್ತದೆ.

ಇಂಥ ಶಿಬಿರ ನಡೆಸುವವರ ಬಗ್ಗೆ ನನಗೆ ದ್ವೇಷವೇನಿಲ್ಲ. ಆದರೆ ಆತ್ಮವಿಶ್ವಾಸವೆಂಬುದು ಟಾನಿಕ್ಕಿನ ಹಾಗೆ ಚಮಚದಲ್ಲಿ ಕುಡಿಸುವ ವಸ್ತುವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಈ ಬಗ್ಗೆ ಒಂದು ಮುಖ್ಯವಾದ ವಿಚಾರ ಮಂಡಿಸಿದರು. 'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆ ನಾಲ್ಕು ಮೂಲಗಳಿಂದ ಬರುತ್ತದೆ ಎಂದರು. ತಾನೇ ಮಾಡಿ ಗೆದ್ದ ಅನುಭವ ಒಂದು. ತನ್ನಂಥವರೇ ಮಾಡಿದ್ದನ್ನು ಕಣ್ಣಾರೆ ಕಂಡದ್ದು ಎರಡನೆಯದು. ಬೇರೆಯವರ ಉತ್ತೇಜನದ ಮಾತು ಮೂರನೆಯದು. ಆ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಮುಂತಾದ ದೇಹಸ್ಥಿತಿಗೆ ನಾವು ಕೊಡುವ ಅರ್ಥ ನಾಲ್ಕನೆಯದು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಮೊದಲನೆಯದು. ನಮ್ಮ ಮನೆಗಳೂ ಶಾಲೆಗಳೂ ಸಭಾಂಗಣದ ಶಿಬಿರಗಳೂ ಮಕ್ಕಳಿಗೆ ಧಾರಾಳವಾಗಿ ಕೊಡುತ್ತಿರುವುದು ಮಾತ್ರ ಮೂರನೆಯದನ್ನು.

ಮಕ್ಕಳಿಗೆ ಈ ಮೊದಲನೆಯ ಅನುಭವ ಸಿಗುವ ದಾರಿಗಳಲ್ಲಿ ನಮ್ಮಲ್ಲಿ ಹೆಚ್ಚು ಚರ್ಚೆಯಾಗದ ಒಂದರ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಅದು ಹಾಯಿದೋಣಿಯ ಶಿಬಿರ, ಅಂದರೆ ಹದಿಹರೆಯದವರು ನಾಲ್ಕಾರು ದಿನ ನೀರಿನ ಮೇಲೆ, ಗಾಳಿಯ ಬಲದಿಂದ, ತಾವೇ ದೋಣಿ ನಡೆಸುವುದು. ಮೈಸೂರಿನ ಓದುಗರಿಗೆ ಇದು ಗೋವಾದ ಸಿರಿವಂತರ ಶೋಕಿಯಂತೆ ಕಾಣಬಹುದು. ಸ್ವಲ್ಪ ತಾಳ್ಮೆಯಿಂದ ಓದಿ.

ರಾಜೀವನಗರದ ಒಂದು ಸಂಜೆ

ನಮ್ಮ ರಾಜೀವನಗರವನ್ನೇ ತೆಗೆದುಕೊಳ್ಳಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಏನು ಮಾಡುತ್ತಾರೆಂದು ಗಮನಿಸಿದ್ದೀರಾ? ಮೊದಲು ಟ್ಯೂಷನ್, ಕೆಲವರಿಗೆ ಅದಾದ ಮೇಲೆ ಅರಬ್ಬಿ ಪಾಠ, ಆಮೇಲೆ ಮನೆಪಾಠ. ಉಳಿದ ಸಮಯಕ್ಕೆ ಮೊಬೈಲು. ಖಾಲಿ ನಿವೇಶನಗಳಿದ್ದ ಕಡೆ ಒಂದು ಕಾಲಕ್ಕೆ ಕ್ರಿಕೆಟ್ ನಡೆಯುತ್ತಿತ್ತು. ಈಗ ಅಲ್ಲೆಲ್ಲ ಮನೆಗಳೆದ್ದಿವೆ. ಹುಡುಗರು ಹದಿನಾಲ್ಕು ತುಂಬುವ ಮೊದಲೇ ಅಣ್ಣನ ಬೈಕು ಏರಿ ರಿಂಗ್ ರಸ್ತೆಗೆ ಹೋಗುತ್ತಾರೆ. ಹರೆಯಕ್ಕೆ ಬೇಕಾದ ಸಾಹಸದ ಹಸಿವನ್ನು ನಾವು ಬೇರೆಲ್ಲೂ ತಣಿಸದೆ ಇದ್ದುದರಿಂದ ಅವರು ತಾವೇ ಕಂಡುಕೊಂಡ ದಾರಿ ಅದು. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು. ಏಳನೆಯ ತರಗತಿಯವರೆಗೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ ಎಂಟಕ್ಕೆ ಬಂದಳೆಂದರೆ ಒಳಗಿನ ಕೋಣೆ ಸೇರುತ್ತಾಳೆ. ಇದು ಒಂದು ಜಾತಿಯ, ಒಂದು ಧರ್ಮದ ಮಾತಲ್ಲ. ಕುವೆಂಪುನಗರದಲ್ಲೂ ಇದೇ ಕಥೆ, ಕೋಣೆ ಮಾತ್ರ ದೊಡ್ಡದು.

ಈ ಮಕ್ಕಳು ವೈದ್ಯರ ಬಳಿ ಬರುವುದು ತಲೆನೋವು, ಹೊಟ್ಟೆತೊಳಸು, ನಿದ್ದೆ ಬಾರದಿರುವುದು, ಕಾರಣವಿಲ್ಲದ ಸಿಟ್ಟು ಎಂಬ ದೂರುಗಳೊಂದಿಗೆ. ರಕ್ತ ಪರೀಕ್ಷೆ ಮಾಡಿಸಿದರೆ ಹೆಚ್ಚಿನ ವೇಳೆ ಎಲ್ಲವೂ ಸರಿಯಾಗಿರುತ್ತದೆ. "ಡಾಕ್ಟ್ರೇ, ಇವನಿಗೆ ಧೈರ್ಯವೇ ಇಲ್ಲ, ಒಂದು ಟಾನಿಕ್ ಬರೆದುಕೊಡಿ" ಎನ್ನುತ್ತಾರೆ ತಾಯಂದಿರು. ಜಗತ್ತಿನಲ್ಲಿ 10ರಿಂದ 19 ವರ್ಷದವರ ಪೈಕಿ ಏಳರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿಹರೆಯದವರು ದಿನಕ್ಕೆ ಕನಿಷ್ಠ 60 ನಿಮಿಷ ಮೈ ದಣಿಸಬೇಕೆಂಬುದೂ ಅದೇ ಸಂಸ್ಥೆಯ ಸಲಹೆ. 2016ರ ಅಂಕಿಅಂಶಗಳ ಪ್ರಕಾರ ಜಗತ್ತಿನಾದ್ಯಂತ ಶಾಲೆಗೆ ಹೋಗುವ ಹದಿಹರೆಯದವರಲ್ಲಿ ಶೇ. 81 ಮಂದಿ ಅಷ್ಟು ಮಾಡುವುದಿಲ್ಲ. ಅಂದರೆ ನಿಮ್ಮ ಮಗನೊಬ್ಬನೇ ಸೋಮಾರಿ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಓಟ, ಕಬಡ್ಡಿ, ಚಾಮುಂಡಿ ಬೆಟ್ಟದ ಮೆಟ್ಟಿಲು ಇವೆಲ್ಲ ಮೈಗೆ ಒಳ್ಳೆಯವೇ. ಹಾಗಿದ್ದರೆ ಹಾಯಿದೋಣಿಯೇ ಏಕೆ?

ಗಾಳಿ ಕಲಿಸುವ ಪಾಠ

ಆಪ್ಟಿಮಿಸ್ಟ್ ಎಂಬ ಹೆಸರಿನ ಒಂದು ಪುಟ್ಟ ಹಾಯಿದೋಣಿ ಇದೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಮಕ್ಕಳಿಗೆಂದೇ ರೂಪಿಸಿದ್ದು. ಉದ್ದ ಎಂಟು ಅಡಿಗಿಂತ ಕಡಿಮೆ, ದೋಣಿಯ ಒಡಲಿನ ತೂಕ 35 ಕಿಲೋ. ಹದಿನೈದರ ಒಳಗಿನ ಮಕ್ಕಳು ಇದರಲ್ಲಿ ಕಲಿಯುತ್ತಾರೆ. ಇದರ ವಿಶೇಷವೆಂದರೆ ಒಳಗೆ ಕೂರುವುದು ಒಬ್ಬರೇ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ತರಬೇತುದಾರರು ಪಕ್ಕದ ಮೋಟಾರು ದೋಣಿಯಲ್ಲಿ ಇರುತ್ತಾರೆ, ಕೂಗಿ ಹೇಳುತ್ತಾರೆ, ಆದರೆ ಹಗ್ಗ ಎಳೆಯುವವರು ಅವರಲ್ಲ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನಲ್ಲೇ ಇರುವ ಜಾಗಕ್ಕೆ ಹೋಗಬೇಕೆಂದರೆ ಸುಮಾರು 45 ಡಿಗ್ರಿ ಓರೆಯಲ್ಲಿ ಬಲಕ್ಕೆ ಒಂದಷ್ಟು ದೂರ, ಮತ್ತೆ ತಿರುಗಿ ಎಡಕ್ಕೆ ಒಂದಷ್ಟು ದೂರ, ಹೀಗೆ ಅಂಕುಡೊಂಕಾಗಿ ಸಾಗಬೇಕು. ಪ್ರತಿ ತಿರುವಿನಲ್ಲೂ ತಲೆಯ ಮೇಲೆ ಹಾಯಿಯ ಅಡ್ಡಮರ ಬೀಸಿ ಆಚೆಗೆ ಹೋಗುತ್ತದೆ. ತಲೆ ತಗ್ಗಿಸಬೇಕು, ಕೂತ ಬದಿ ಬದಲಿಸಬೇಕು, ಹಗ್ಗ ಸಡಿಲಿಸಿ ಮತ್ತೆ ಬಿಗಿ ಹಿಡಿಯಬೇಕು. ತಡ ಮಾಡಿದರೆ ದೋಣಿ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ, ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಅಲ್ಲಿ ಬೈಯಲು ಮೇಷ್ಟರಿಲ್ಲ, ಕಳೆಯಲು ಅಂಕಗಳಿಲ್ಲ. ಗಾಳಿಗೆ ನೀವು ಯಾರ ಮಗ, ಯಾವ ಶಾಲೆ, ಎಷ್ಟು ಪರ್ಸೆಂಟು ಎಂಬುದೇನೂ ಗೊತ್ತಿಲ್ಲ. ಮಾಡಿದ ತಪ್ಪು ತಕ್ಷಣ ಕಾಣುತ್ತದೆ. ತಿದ್ದಿಕೊಂಡದ್ದೂ ತಕ್ಷಣ ಕಾಣುತ್ತದೆ. ಮನೋವೈದ್ಯರು ಬಹಳ ಪ್ರಯಾಸಪಟ್ಟು ಸೃಷ್ಟಿಸಬೇಕಾದ ಪರಿಸ್ಥಿತಿ ಇದು.

ಇನ್ನು ಮಗುಚುವ ಪಾಠ. ಎಲ್ಲ ಒಳ್ಳೆಯ ತರಬೇತಿಯಲ್ಲೂ ಆರಂಭದಲ್ಲಿಯೇ ದೋಣಿಯನ್ನು ಬೇಕೆಂದೇ ಮಗುಚಿಸುತ್ತಾರೆ. ಮಗು ನೀರಿಗೆ ಬೀಳುತ್ತದೆ, ಲೈಫ್ ಜಾಕೆಟ್ ತೇಲಿಸುತ್ತದೆ. ಈಜಿ ದೋಣಿಯ ಅಡಿಭಾಗಕ್ಕೆ ಹೋಗಿ, ಅಲ್ಲಿ ಚಾಚಿಕೊಂಡಿರುವ ನಡುಹಲಗೆಯನ್ನು ಹಿಡಿದು ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತಿದರೆ ದೋಣಿ ನಿಧಾನವಾಗಿ ಎದ್ದು ನಿಲ್ಲುತ್ತದೆ. ಮತ್ತೆ ಹತ್ತಿ ನೀರು ಮೊಗೆದು ಹಾಕಿ ಮುಂದೆ ಹೋಗುವುದು. ಅತಿ ಕೆಟ್ಟದ್ದು ಆಗಿಹೋಯಿತು, ಆದರೂ ನಾನು ಇಲ್ಲೇ ಇದ್ದೇನೆ ಎಂಬ ಅನುಭವ ಹದಿಮೂರರ ಹರೆಯದಲ್ಲಿ ಸಿಗುವುದು ಅಪರೂಪ. ಬಂಡೂರ ಹೇಳಿದ ನಾಲ್ಕನೆಯ ಮೂಲ ಇಲ್ಲಿ ಕೆಲಸ ಮಾಡುತ್ತದೆ. ಎದೆ ಹೊಡೆದುಕೊಂಡರೆ ಅದು ಸಾಯುವ ಲಕ್ಷಣವಲ್ಲ, ಮೈ ಸಿದ್ಧವಾಗುತ್ತಿರುವ ಲಕ್ಷಣ ಎಂದು ಮಗುವಿಗೆ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಬೆವರುವ ಮಕ್ಕಳಿಗೆ ಈ ತಿಳಿವಳಿಕೆಯ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ದೊಡ್ಡ ದೋಣಿಯ ಪಾಠ ಬೇರೆ. ಎನ್.ಸಿ.ಸಿ. ನೌಕಾದಳದವರು ಬಳಸುವ ವೇಲರ್ ದೋಣಿ 27 ಅಡಿ ಉದ್ದ. ಐದು ಹುಟ್ಟುಗಳು ಒಂದೇ ಲಯದಲ್ಲಿ ಬಿದ್ದರೆ ಮಾತ್ರ ಅದು ಸಾಗುತ್ತದೆ, ಹಾಯಿ ಏರಿಸಿದರೆ ಗಾಳಿಗೂ ಸಾಗುತ್ತದೆ. ತರಗತಿಯ ಮೊದಲನೆಯ ರ‍್ಯಾಂಕಿನವನೂ ಕೊನೆಯ ಬೆಂಚಿನವನೂ ಒಂದೇ ಹಲಗೆಯ ಮೇಲೆ ಕುಳಿತಿರುತ್ತಾರೆ. ಕೊನೆಯ ಬೆಂಚಿನವನ ತೋಳು ಹೆಚ್ಚು ಬಲವಾಗಿರುವುದೇ ಸಾಮಾನ್ಯ.

ಹೊರನಾಡುಗಳಲ್ಲಿ ಇದು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಗಳು ಹಡಗು ಮುಳುಗಿಸಿದಾಗ, ಜೀವರಕ್ಷಕ ದೋಣಿಗಳಲ್ಲಿ ಹಳೆಯ ನಾವಿಕರಿಗಿಂತ ಗಟ್ಟಿಮುಟ್ಟಾದ ತರುಣರೇ ಬೇಗ ಧೈರ್ಯಗೆಟ್ಟು ಸಾಯುತ್ತಾರೆಂದು ಬ್ರಿಟನ್ನಿನ ಹಡಗು ಕಂಪನಿಯೊಂದರ ಒಡೆಯ ಲಾರೆನ್ಸ್ ಹೋಲ್ಟ್ ನಂಬಿದ್ದರು. ಅವರ ನೆರವಿನಿಂದ ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞರು 1941ರಲ್ಲಿ ವೇಲ್ಸ್‌ನ ಅಬರ್ಡವಿಯಲ್ಲಿ ಸುಮಾರು ನಾಲ್ಕು ವಾರಗಳ ಶಿಬಿರ ಆರಂಭಿಸಿದರು. ಅದೇ ಮುಂದೆ ಜಗತ್ತಿನ ಹಲವು ದೇಶಗಳಿಗೆ ಹಬ್ಬಿದ 'ಔಟ್‌ವರ್ಡ್ ಬೌಂಡ್'. ಬ್ರಿಟನ್ನಿನಲ್ಲಿಯೇ ಒಂಟಿಯಾಗಿ ಭೂಮಿ ಸುತ್ತಿದ ನಾವಿಕೆ ಎಲೆನ್ ಮೆಕಾರ್ಥರ್ 2003ರಲ್ಲಿ ಸ್ಥಾಪಿಸಿದ ಟ್ರಸ್ಟು, ಕ್ಯಾನ್ಸರಿನಿಂದ ಚೇತರಿಸಿಕೊಳ್ಳುತ್ತಿರುವ ಮಕ್ಕಳನ್ನು ಹಾಯಿದೋಣಿಯಲ್ಲಿ ಕೆಲವು ದಿನ ಕರೆದೊಯ್ಯುತ್ತದೆ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬೇರೆಯವರು ಹೇಳಿದಂತೆ ಮಲಗಿ, ಎದ್ದು, ಚುಚ್ಚಿಸಿಕೊಂಡ ಮಗುವಿಗೆ ಚುಕ್ಕಾಣಿ ಕೊಡುವುದರಲ್ಲಿ ಬಹಳ ವಿವೇಕವಿದೆ ಎಂದು ವೈದ್ಯನಾದ ನನಗೆ ಅನಿಸುತ್ತದೆ.

ನ್ಯೂಜಿಲೆಂಡಿನ 'ಸ್ಪಿರಿಟ್ ಆಫ್ ನ್ಯೂಜಿಲೆಂಡ್' ಹಡಗಿನಲ್ಲಿ ಹದಿಹರೆಯದವರು ಹತ್ತು ದಿನ ಯಾನ ಮಾಡುತ್ತಾರೆ. ಕೊನೆಯ ಹೊತ್ತಿಗೆ ಒಂದು ದಿನ ಹಡಗನ್ನು ಅವರ ಕೈಗೇ ಬಿಡುತ್ತಾರೆ. ಕಪ್ತಾನನನ್ನು ಆರಿಸುವವರೂ ದಾರಿ ನಿರ್ಧರಿಸುವವರೂ ಅವರೇ. ಒಟಾಗೊ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾನಕ್ಕೆ ಹೋಗದ ಹುಡುಗರೊಂದಿಗೆ ಹೋಲಿಸಿದಾಗ ಹೋದವರಲ್ಲಿ ಕಷ್ಟ ತಾಳಿಕೊಂಡು ಚೇತರಿಸಿಕೊಳ್ಳುವ ಶಕ್ತಿ ಹೆಚ್ಚಿತ್ತು, ಐದು ತಿಂಗಳ ಮೇಲೂ ಅದು ಉಳಿದಿತ್ತು. ಇದಕ್ಕೂ ಮುಂಚೆ, 1997ರಲ್ಲಿ, ಜಾನ್ ಹ್ಯಾಟಿ ಮತ್ತು ಸಂಗಡಿಗರು ಇಂಥ ಸಾಹಸ ಶಿಬಿರಗಳ ಬಗೆಗಿನ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಶಾಲೆಯ ಹೆಚ್ಚಿನ ಕಾರ್ಯಕ್ರಮಗಳ ಫಲ ದಿನ ಕಳೆದಂತೆ ಕರಗುತ್ತದೆ. ಇವುಗಳ ಫಲ ಶಿಬಿರ ಮುಗಿದ ಮೇಲೂ ಹೆಚ್ಚುತ್ತ ಹೋಗಿತ್ತು. 20 ದಿನಗಳಿಗಿಂತ ದೀರ್ಘವಾದ ಶಿಬಿರಗಳು ಚಿಕ್ಕವುಗಳಿಗಿಂತ ಹೆಚ್ಚು ಫಲ ಕೊಟ್ಟಿದ್ದವು. ಇಂಥ ಅಧ್ಯಯನಗಳನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಹೆಚ್ಚಿನವು ಮಕ್ಕಳೇ ತುಂಬಿದ ಪ್ರಶ್ನಾವಳಿಗಳನ್ನು ಆಧರಿಸಿವೆ. ಆದರೂ ಸಭಾಂಗಣದ ಭಾಷಣಕ್ಕೆ ಇಷ್ಟು ಆಧಾರವನ್ನೂ ಯಾರೂ ತೋರಿಸಿದ್ದನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪ್ರವಾಸಿ ತಾಣದಲ್ಲಿ ಟಿಕೆಟ್ ಕೊಂಡು, ಜಾಕೆಟ್ ತೊಟ್ಟು, ಯಾರೋ ಓಡಿಸುವ ಮೋಟಾರು ದೋಣಿಯಲ್ಲಿ ಹತ್ತು ನಿಮಿಷ ಕಿರುಚಿ ಬರುವುದನ್ನೂ ಈಗ 'ಸಾಹಸ ಜಲಕ್ರೀಡೆ' ಎನ್ನುತ್ತಾರೆ. ಮಕ್ಕಳಿಗೆ ಖುಷಿಯಾಗುತ್ತದೆ, ಆಗಲಿ. ಅದರಿಂದ ಆತ್ಮವಿಶ್ವಾಸ ಬರುವುದಿಲ್ಲ, ಏಕೆಂದರೆ ಮಗು ಅಲ್ಲಿ ಸಾಮಾನಿನಂತೆ ಕುಳಿತಿರುತ್ತದೆ. ಶಿಬಿರಕ್ಕೆ ದುಡ್ಡು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಚುಕ್ಕಾಣಿ ಯಾರ ಕೈಯಲ್ಲಿರುತ್ತದೆ, ಎಷ್ಟು ದಿನ?

ನಮ್ಮ ನೀರು, ನಮ್ಮ ಮಕ್ಕಳು

ರಾಜೀವನಗರದಿಂದ ಕನ್ನಂಬಾಡಿ ಕಟ್ಟೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ತಿ. ನರಸೀಪುರ ರಸ್ತೆಯ ವರುಣಾ ಕೆರೆ ಇನ್ನೂ ಹತ್ತಿರ. ಕಟ್ಟೆಗೆ ನಮ್ಮ ಮಕ್ಕಳು ಹೋಗುವುದು ಸಂಗೀತ ಕಾರಂಜಿ ನೋಡಲು, ಹಿನ್ನೀರಿಗೆ ಹೋಗುವುದು ವೇಣುಗೋಪಾಲಸ್ವಾಮಿ ದೇವಸ್ಥಾನದ ಎದುರು ಫೋಟೋ ತೆಗೆಸಿಕೊಳ್ಳಲು. ಅದೇ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ಬಿನವರು ಹಾಯಿದೋಣಿ ಕಲಿಸಿದ್ದಾರೆ, ಪಂದ್ಯಗಳೂ ನಡೆದಿವೆ ಎಂಬುದು ನಗರದ ಎಷ್ಟು ಮನೆಗಳಿಗೆ ಗೊತ್ತು? ಮೈಸೂರಿನಲ್ಲಿ ಎನ್.ಸಿ.ಸಿ.ಯ ನೌಕಾ ಘಟಕವಿದೆ. ಎನ್.ಸಿ.ಸಿ. ನೌಕಾ ಘಟಕಗಳ ನಡುವೆ ದೇಶದಾದ್ಯಂತ ದೀರ್ಘ ದೋಣಿಯಾನದ ಸ್ಪರ್ಧೆಯೇ ಇದೆ. ಕೆಡೆಟ್ಟುಗಳು ದಿನಗಟ್ಟಲೆ ಹುಟ್ಟು ಹಾಕುತ್ತ, ಹಾಯಿ ಏರಿಸುತ್ತ, ದಡದಲ್ಲಿ ಡೇರೆ ಹಾಕಿ ಮಲಗುತ್ತ ಸಾಗುತ್ತಾರೆ. ಶರಾವತಿ ಹಿನ್ನೀರಿನ ಹೊನ್ನೆಮರಡುವಿಗೆ 1990ರ ದಶಕದಿಂದ ಎಷ್ಟೋ ಶಾಲೆಗಳ ಮಕ್ಕಳು ಹೋಗಿ ಹರಿಗೋಲು, ದೋಣಿ ನಡೆಸಿ ದ್ವೀಪದಲ್ಲಿ ರಾತ್ರಿ ಕಳೆದು ಬಂದಿದ್ದಾರೆ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಆಶ್ರಯದಲ್ಲಿ ತೃಷ್ಣಾ ಸೈಲಿಂಗ್ ಕ್ಲಬ್ ಇದೆ. ತೃಷ್ಣಾ ಎಂಬುದು ಸೇನೆಯ ಎಂಜಿನಿಯರುಗಳು 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು 1987ರ ಜನವರಿಯಲ್ಲಿ ಭೂಮಿ ಸುತ್ತಿ ಮರಳಿದ ಹಾಯಿದೋಣಿಯ ಹೆಸರು. ಭಾರತೀಯರ ಮೊದಲ ಅಂಥ ಯಾನ ಅದು.

"ಇದೆಲ್ಲ ದುಡ್ಡಿದ್ದವರಿಗೆ ಸ್ವಾಮಿ" ಎನ್ನುವವರಿಗೆ ನಾನು ಹೈದರಾಬಾದಿನ ಉದಾಹರಣೆ ಕೊಡುತ್ತೇನೆ. ಅಲ್ಲಿನ ಯಾಟ್ ಕ್ಲಬ್ 2009ರಲ್ಲಿ ಆರಂಭವಾಯಿತು. ಹುಸೇನ್ ಸಾಗರದ ಕೊಳೆನೀರಿನಲ್ಲೇ ದೋಣಿ ಇಳಿಸಿದ ಈ ಕ್ಲಬ್ಬಿನವರು ಸಿರಿವಂತರ ಮಕ್ಕಳಿಗಾಗಿ ಕಾದು ಕೂರಲಿಲ್ಲ. ರಸೂಲ್‌ಪುರದಂಥ ಬಡಾವಣೆಗಳ ಶಾಲೆಗಳಿಗೆ ಹೋಗಿ ಕೂಲಿಯವರ, ಸಣ್ಣಪುಟ್ಟ ಕೆಲಸ ಮಾಡುವವರ ಮಕ್ಕಳನ್ನು ಕರೆತಂದು ಕಲಿಸಿದರು. ನೀರನ್ನು ಕಂಡರೆ ಹೆದರುತ್ತಿದ್ದ ಆ ಮಕ್ಕಳಲ್ಲಿ ಕೆಲವರು, ಅದರಲ್ಲೂ ಹುಡುಗಿಯರು, ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಪದಕ ಗೆದ್ದರು. ರಸೂಲ್‌ಪುರದ ಗಲ್ಲಿಗಳಿಗೂ ನಮ್ಮ ರಾಜೀವನಗರ, ಶಾಂತಿನಗರ, ಕೆಸರೆಯ ಗಲ್ಲಿಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ನಮ್ಮ ನೀರು ಮಾತ್ರ ಹುಸೇನ್ ಸಾಗರಕ್ಕಿಂತ ಎಷ್ಟೋ ಚೊಕ್ಕ.

ಪದಕ ನನಗೆ ಮುಖ್ಯವಲ್ಲ. ಎಲ್ಲ ಮಕ್ಕಳೂ ಪದಕ ಗೆಲ್ಲಲಾರರು, ಗೆಲ್ಲಬೇಕಾಗಿಯೂ ಇಲ್ಲ. ಆದರೆ ಆ ಕ್ಲಬ್ಬಿನವರು ಮಾಡಿದ್ದು ಸರಕಾರವೇ ಮಾಡಬಹುದಾಗಿದ್ದ ಕೆಲಸ. ನಮ್ಮ ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇದೆ, ಅದರ ಕೈಕೆಳಗೆ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ. ಪಕ್ಕದಲ್ಲೇ ಇಷ್ಟು ದೊಡ್ಡ ಜಲಾಶಯವಿರುವ ಮೈಸೂರಿನಲ್ಲಿ, ವರ್ಷಕ್ಕೆ ಒಂದೊಂದು ಸರಕಾರಿ ಪ್ರೌಢಶಾಲೆಯಿಂದ ಹತ್ತು ಮಕ್ಕಳನ್ನಾದರೂ ಆರಿಸಿ ಒಂದು ವಾರ ನೀರಿನ ಮೇಲೆ ಇರಿಸಲು ಏನು ಅಡ್ಡಿ? ದೋಣಿಗಳ ಖರ್ಚು ಒಂದು ಸಲದ್ದು. ದಸರೆಯ ದೀಪಾಲಂಕಾರಕ್ಕೆ ಆಗುವ ಖರ್ಚಿನ ಜೊತೆ ಹೋಲಿಸಲು ಮನಸ್ಸಾಗುತ್ತದೆ, ಆದರೆ ಆ ಜಗಳ ಇಲ್ಲಿ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಒಂದೆರಡು ಮಾತು ಹೆಚ್ಚಿಗೆ ಹೇಳಬೇಕು. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು 254 ದಿನಗಳಲ್ಲಿ ಭೂಮಿ ಸುತ್ತಿ 2018ರ ಮೇ 21ರಂದು ಮರಳಿದರು. 2024ರ ಅಕ್ಟೋಬರಿನಲ್ಲಿ ಅದೇ ದೋಣಿಯಲ್ಲಿ ಹೊರಟ ದಿಲ್ನಾ ಮತ್ತು ರೂಪಾ ಎಂಬ ಅಧಿಕಾರಿಗಳು ಇಬ್ಬರೇ ಆ ಯಾನ ಮಾಡಿ 2025ರ ಮೇ ತಿಂಗಳಲ್ಲಿ ದಡ ಸೇರಿದರು. ಇದನ್ನು ಓದಿ ಹೆಮ್ಮೆಪಟ್ಟ ತಂದೆಯೇ ಮಗಳನ್ನು ಕನ್ನಂಬಾಡಿಗೆ ಕಳಿಸಲು ಹಿಂಜರಿಯುತ್ತಾರೆ. ಹಿಂಜರಿಕೆಗೆ ಕಾರಣಗಳಿವೆ, ಅವನ್ನು ಹಳೆಯ ಕಾಲದ ಯೋಚನೆಯೆಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಮಹಿಳಾ ತರಬೇತುದಾರರು ಇರಬೇಕು. ಮೈತುಂಬ ಬಟ್ಟೆ, ತಲೆವಸ್ತ್ರ ಧರಿಸಿಯೇ ದೋಣಿ ನಡೆಸಲು ಅವಕಾಶವಿರಬೇಕು. ಬಿಸಿಲಿನಲ್ಲಿ ಅದು ಚರ್ಮಕ್ಕೂ ಒಳ್ಳೆಯದೇ. ತಲೆವಸ್ತ್ರ ಬಿಗಿಯಾಗಿ, ಗಾಳಿಗೆ ಹಾರದಂತೆ, ಹಗ್ಗಕ್ಕೆ ಸಿಕ್ಕದಂತೆ ಕಟ್ಟಿರಬೇಕು ಅಷ್ಟೆ. ಬಟ್ಟೆ ಬದಲಿಸಲು ಸರಿಯಾದ ಕೋಣೆ, ಶೌಚಾಲಯ ಬೇಕು. ಇಷ್ಟು ಮಾಡಿಕೊಟ್ಟರೆ ಎಷ್ಟು ತಾಯಂದಿರು ಒಪ್ಪುತ್ತಾರೆಂದು ನೋಡಿ.

ನೀರೆಂದರೆ ಭಯ

ನೀರಿನ ಮಾತೆತ್ತಿದರೆ ನಮ್ಮ ಭಾಗದ ತಾಯಂದಿರ ಮುಖ ಸಣ್ಣದಾಗುತ್ತದೆ. ಅದಕ್ಕೆ ಅರ್ಥವಿದೆ. ಬಲಮುರಿ, ಎಡಮುರಿ, ನಾಲೆಗಳು, ಊರ ಕೆರೆಗಳು ಪ್ರತಿ ಬೇಸಿಗೆಯಲ್ಲೂ ಹುಡುಗರನ್ನು ನುಂಗುತ್ತವೆ. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದು ಮೂರನೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳಿದೆ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು, ಎಲ್ಲರಿಗೂ ಜಾಕೆಟ್ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿದರು. ಸಮುದ್ರ ನೋಡಬೇಕೆಂದು ಅಷ್ಟು ದೂರದಿಂದ ಆಸೆಪಟ್ಟು ಬಂದ ಮಕ್ಕಳು.

ಇಂಥ ದುರಂತವಾದಾಗಲೆಲ್ಲ ನಾವು ಮಾಡುವುದು ಒಂದೇ: ಕೆಲವು ತಿಂಗಳು ಪ್ರವಾಸ ನಿಷೇಧಿಸುವುದು, ಮನೆಯಲ್ಲಿ "ನೀರಿನ ಹತ್ತಿರ ಹೋಗಬೇಡ" ಎನ್ನುವುದು. ಹೋಗಬೇಡ ಎಂದು ಕೇಳಿ ಬೆಳೆದ ಹುಡುಗ ಒಂದು ದಿನ ಸ್ನೇಹಿತರೊಂದಿಗೆ ಕದ್ದು ಹೋಗುತ್ತಾನೆ. ನೀರಿನ ಬಗ್ಗೆ ಅವನಿಗೆ ಏನೂ ತಿಳಿದಿರುವುದಿಲ್ಲ. ಬ್ರಿಟನ್ನಿನಲ್ಲಿ 1993ರ ಮಾರ್ಚಿನಲ್ಲಿ ಪ್ಲಿಮತ್‌ನ ಒಂದು ಶಾಲೆಯ ನಾಲ್ವರು ಮಕ್ಕಳು ಲೈಮ್ ಕೊಲ್ಲಿಯಲ್ಲಿ ಪುಟ್ಟ ದೋಣಿ ನಡೆಸುವಾಗ ಸತ್ತರು. ಅಲ್ಲಿನವರು ಮಕ್ಕಳ ದೋಣಿಯಾನ ನಿಲ್ಲಿಸಲಿಲ್ಲ. 1995ರಲ್ಲಿ ಕಾನೂನು ತಂದು, ಮಕ್ಕಳಿಗೆ ಸಾಹಸ ಚಟುವಟಿಕೆ ನಡೆಸುವ ಕೇಂದ್ರಗಳು ತಪಾಸಣೆಗೆ ಒಳಪಟ್ಟು ಪರವಾನಗಿ ಪಡೆಯಲೇಬೇಕೆಂದರು. ನಮ್ಮಲ್ಲೂ ಬೇಕಾದದ್ದು ಅಂಥ ಬಿಗಿ.

ಈಜು ಮೊದಲು, ದೋಣಿ ಆಮೇಲೆ. ಇದರಲ್ಲಿ ರಿಯಾಯಿತಿ ಬೇಡ. ಉಟ್ಟ ಬಟ್ಟೆಯಲ್ಲೇ 50 ಮೀಟರ್ ಈಜಬಲ್ಲ, ಗಾಬರಿಯಾಗದೆ ಹತ್ತು ನಿಮಿಷ ತೇಲಬಲ್ಲ ಮಗುವನ್ನು ಮಾತ್ರ ನಾನು ದೋಣಿಗೆ ಕಳಿಸುತ್ತೇನೆ. ಸರಸ್ವತಿಪುರದ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ಎಷ್ಟೋ ಪೀಳಿಗೆಗಳು ಕಲಿತಿವೆ. ಬೇಸಿಗೆಯ ಆ ಏಳು ದಿನಗಳ ವ್ಯಕ್ತಿತ್ವ ವಿಕಸನದ ದುಡ್ಡನ್ನು ಅಲ್ಲಿಗೆ ಕಟ್ಟಿದರೂ ಸಾಕು, ಅರ್ಧ ಕೆಲಸ ಆದಂತೆ.

ಲೈಫ್ ಜಾಕೆಟ್ ಮಗುವಿನ ಅಳತೆಯದ್ದಾಗಿರಬೇಕು. ತೊಡಿಸಿ, ಪಟ್ಟಿ ಬಿಗಿದು, ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಕಿವಿಯವರೆಗೆ ಸರಿದರೆ ಅದು ಆ ಮಗುವಿನದಲ್ಲ. ಮೋಟಾರು ಇರುವ ರಕ್ಷಣಾ ದೋಣಿ ನೀರಿನಲ್ಲೇ ಸಿದ್ಧವಾಗಿರಬೇಕು, ದಡದಲ್ಲಿ ಕಟ್ಟಿಹಾಕಿದ್ದು ಲೆಕ್ಕಕ್ಕಿಲ್ಲ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಮಳೆಗೆ ಮುಂಚೆ ಏಳುವ ಬಿರುಗಾಳಿಯನ್ನು ಮೈಸೂರಿನವರು ಬಲ್ಲರು. ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತೇ ಸರಿ. ಆಗ ಜಲಾಶಯದ ನೀರೂ ಇಳಿದಿರುತ್ತದೆ, ಹಳೆಯ ಬೊಡ್ಡೆ, ಕಲ್ಲುಗಳು ಮೇಲಕ್ಕೆ ಬಂದಿರುತ್ತವೆ.

ವೈದ್ಯರ ಸಲಹೆ ಯಾರಿಗೆ ಬೇಕು? ಮೂರ್ಛೆರೋಗವಿರುವ ಮಕ್ಕಳನ್ನು ವೈದ್ಯರ ಲಿಖಿತ ಒಪ್ಪಿಗೆ ಇಲ್ಲದೆ ಕಳಿಸಕೂಡದು, ಕೊಟ್ಟರೂ ಒಂಟಿ ದೋಣಿ ಬೇಡ. ಉಬ್ಬಸದ ಮಕ್ಕಳು ಹೋಗಬಹುದು. ಇನ್‌ಹೇಲರ್ ನೀರು ತಾಗದ ಚೀಲದಲ್ಲಿ, ಬ್ಯಾಗಿನ ತಳದಲ್ಲಲ್ಲ, ಕೈಗೆಟಕುವಂತೆ ಇರಲಿ. ಕಿವಿ ಸೋರುತ್ತಿದ್ದರೆ ಅಥವಾ ತಮಟೆಯಲ್ಲಿ ತೂತಿದ್ದರೆ ಅದು ವಾಸಿಯಾಗುವವರೆಗೆ ಕಾಯಿರಿ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿ. ಮುಟ್ಟಿನ ದಿನಗಳಲ್ಲಿ ನೀರಿಗಿಳಿಯಬಾರದೆಂಬುದಕ್ಕೆ ವೈದ್ಯಕೀಯ ಕಾರಣವಿಲ್ಲ, ಹುಡುಗಿಗೆ ಹಿತವೆನಿಸಿದರೆ ಹೋಗಲಿ, ಇಲ್ಲವಾದರೆ ದಡದಲ್ಲಿರಲಿ. ಜಲಾಶಯದಲ್ಲಿ ಕಡಲಿನಷ್ಟು ಅಲೆಯಿಲ್ಲದ್ದರಿಂದ ವಾಂತಿಯ ಕಾಟ ಕಡಿಮೆ. ಬಿಸಿಲಿನ ಕಾಟವೇ ಹೆಚ್ಚು. ನೀರು ಸೂರ್ಯನ ಬೆಳಕನ್ನು ಕೆಳಗಿನಿಂದಲೂ ಎರಚುತ್ತದೆ. ಬಾಯಾರಿಕೆಯಾಗುವವರೆಗೆ ಕಾಯದೆ ಗಂಟೆಗೊಮ್ಮೆ ನೀರು, ಮಜ್ಜಿಗೆ ಕುಡಿಯುವ ಅಭ್ಯಾಸವಿರಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಎಣ್ಣೆಯ ತಿಂಡಿಗಿಂತ ಇಡ್ಲಿ, ಬಾಳೆಹಣ್ಣು ವಾಸಿ.

ತಂದೆ-ತಾಯಿಗೂ ಒಂದು ಪಥ್ಯ ಹೇಳುತ್ತೇನೆ. ಶಿಬಿರ ನಡೆಯುವಾಗ ದಿನಕ್ಕೆ ನಾಲ್ಕು ಸಲ ಫೋನು ಮಾಡಬೇಡಿ. ಎರಡನೆಯ ದಿನ ಮಗು ಅತ್ತು "ಕರೆದುಕೊಂಡು ಹೋಗಿ" ಎನ್ನುವುದು ಸಾಮಾನ್ಯ. ಕಾಯಿಲೆಯೋ ಯಾರದಾದರೂ ಕಿರುಕುಳವೋ ಇದ್ದರೆ ತಕ್ಷಣ ಹೊರಡಿ. ಕೈ ಬೊಬ್ಬೆಯೆದ್ದಿದೆ, ಊಟ ರುಚಿಯಿಲ್ಲ ಎಂಬುದಾದರೆ ಇನ್ನೊಂದು ದಿನ ತಾಳಿ. ಮರಳಿ ಬಂದ ಮೇಲೆ ನೆಂಟರ ಮುಂದೆ ನಿಲ್ಲಿಸಿ "ಹೇಳೋ, ಏನೇನು ಮಾಡಿದೆ ಹೇಳೋ" ಎಂದು ಪ್ರದರ್ಶನಕ್ಕಿಡಬೇಡಿ. ಅದರ ಬದಲು ಮನೆಯಲ್ಲಿ ಒಂದು ನಿಜವಾದ ಜವಾಬ್ದಾರಿ ಕೊಡಿ. ಅಜ್ಜಿಯನ್ನು ಕೆ.ಆರ್. ಆಸ್ಪತ್ರೆಗೆ ಕರೆದೊಯ್ದು ಚೀಟಿ ಮಾಡಿಸಿ ತೋರಿಸಿಕೊಂಡು ಬರುವುದು, ತಿಂಗಳ ದಿನಸಿಯ ಲೆಕ್ಕ ಇಡುವುದು, ಇಂಥದ್ದು. ತಪ್ಪಾದರೆ ಆಗಲಿ. ದೋಣಿಯಲ್ಲಿ ಚುಕ್ಕಾಣಿ ಹಿಡಿದ ಮಗುವಿನ ಕೈಯಿಂದ ಮನೆಯಲ್ಲಿ ಟಿ.ವಿ. ರಿಮೋಟನ್ನೂ ಕಸಿದುಕೊಂಡರೆ ಶಿಬಿರದ ಫಲ ಎಷ್ಟು ದಿನ ಉಳಿದೀತು?

ಶಾಲೆಗಳು ಆರಂಭವಾದ ಕೂಡಲೇ ಎನ್.ಸಿ.ಸಿ. ಸೇರ್ಪಡೆ ನಡೆಯುತ್ತದೆ. ಕಿರಿಯರ ವಿಭಾಗಕ್ಕೆ ಸಾಮಾನ್ಯವಾಗಿ ಎಂಟನೆಯ ತರಗತಿಯಿಂದ ತೆಗೆದುಕೊಳ್ಳುತ್ತಾರೆ. ನಿಮ್ಮ ಮಗ ಅಥವಾ ಮಗಳ ಶಾಲೆಯಲ್ಲಿ ಎನ್.ಸಿ.ಸಿ. ಇದೆಯೇ, ಇದ್ದರೆ ಅದು ಭೂದಳದ್ದೋ ನೌಕಾದಳದ್ದೋ ಎಂದು ಮುಖ್ಯೋಪಾಧ್ಯಾಯರನ್ನು ಈ ವಾರವೇ ಕೇಳಿ. ಇಲ್ಲವೆಂದರೆ, ಬೇಕೆಂದು ನಾಲ್ಕಾರು ಪಾಲಕರು ಸೇರಿ ಒಂದು ಅರ್ಜಿ ಬರೆದುಕೊಡಿ. ಅಷ್ಟರೊಳಗೆ ಮಗುವನ್ನು ಈಜಿಗೆ ಸೇರಿಸಿ. ಕೊಳಕ್ಕೆ ಹೋಗುವ ಮೊದಲು ಚರ್ಮದ ಕಾಯಿಲೆ, ಕಿವಿಯ ತೊಂದರೆ ಇಲ್ಲವೆಂದು ವೈದ್ಯರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು.